ದೋಷಪರಿಹಾರಕ ಯಜ್ಞ: ರಕ್ತ ಒಳಗೆ ಹೋದರೆ ಮಾಂಸ ಪಾಳೆಯದ ಹೊರಗೆ, ಯಾಕೆ?

ಅಕ್ಷರಜೋಗಿ ಕೇಳಿದ್ದು:

ಬೈಬಲಿನ ಯಾಜಕಕಾಂಡದ 1ರಿಂದ 7 ಮತ್ತು 16ನೇ ಅಧ್ಯಾಯಗಳನ್ನು ಇಟ್ಟುಕೊಂಡು ಒಂದು ಪಟ್ಟಿ ಮಾಡುತ್ತಿದ್ದೇನೆ. ಯಾರು ಏನು ತರಬೇಕು, ಯಾರು ಕೊಯ್ಯಬೇಕು, ರಕ್ತ ಎಲ್ಲಿಗೆ, ಕೊಬ್ಬು ಎಲ್ಲಿಗೆ, ಮಾಂಸ ಯಾರಿಗೆ. ಸರ್ವಾಂಗಹೋಮ (ಇಡೀ ಪ್ರಾಣಿಯನ್ನು ಸುಡುವುದು), ಧಾನ್ಯನೈವೇದ್ಯ, ಸಮಾಧಾನಯಜ್ಞ (ತಂದವನೂ ಉಣ್ಣುವುದು) ಇವುಗಳ ಸಾಲುಗಳು ಸಲೀಸಾಗಿ ತುಂಬಿದವು. ದೋಷಪರಿಹಾರಕ ಯಜ್ಞಕ್ಕೆ ಬಂದಾಗ ಮಾತ್ರ ಒಂದು ಸಾಲು ಇನ್ನೊಂದಕ್ಕೆ ಹೊಂದುತ್ತಿಲ್ಲ.

1) 1:5ರಲ್ಲಿ ‘ಅವನು’ ಹೋರಿಯನ್ನು ಕೊಯ್ಯಬೇಕು ಎಂದಿದೆ. ಈ ‘ಅವನು’ ಪ್ರಾಣಿ ತಂದವನೋ, ಯಾಜಕನೋ?

2) 6:26ರ ಪ್ರಕಾರ ದೋಷಪರಿಹಾರಕ ಯಜ್ಞದ ಮಾಂಸವನ್ನು ಯಾಜಕ ತಿನ್ನಬೇಕು. ನಾಲ್ಕೇ ವಚನ ದಾಟಿದರೆ, 6:30ರಲ್ಲಿ ತಿನ್ನಬಾರದು, ಸುಟ್ಟುಬಿಡಬೇಕು. ಯಾವಾಗ ಯಾವುದು?

3) ತಲೆಯ ಮೇಲೆ ಕೈಯಿಟ್ಟಾಗ ಪಾಪ ಪ್ರಾಣಿಗೆ ದಾಟುತ್ತದೆ ಎಂದು ಬಹಳ ಕಡೆ ಓದಿದ್ದೇನೆ. ದಾಟಿದ್ದೇ ಆದರೆ ಆ ಮಾಂಸ ಅಶುದ್ಧವಾಗಬೇಕಿತ್ತು. ಅದೇ ಅಧ್ಯಾಯ ಅದನ್ನು ‘ಮಹಾಪರಿಶುದ್ಧ’ ಅನ್ನುತ್ತದಲ್ಲ?

4) ವಿಮೋಚನಕಾಂಡ 24ರಲ್ಲಿ ಮೋಶೆ ಜನರ ಮೇಲೆ ರಕ್ತ ಚಿಮುಕಿಸುತ್ತಾನೆ. ಅದೂ ದೋಷಪರಿಹಾರವೇ? ನೀರು, ಕೆಂಪು ಉಣ್ಣೆ, ಹಿಸ್ಸೋಪು ಗಿಡ ಸೇರಿಸಿ ಚಿಮುಕಿಸಿದ ಎಂದು ನನ್ನ ಟಿಪ್ಪಣಿಯಲ್ಲಿದೆ. ಈಗ ಆ ಅಧ್ಯಾಯವನ್ನು ಎರಡು ಸಲ ತಿರುವಿ ಹಾಕಿದರೂ ಅವು ಸಿಗುತ್ತಿಲ್ಲ.

ಉಪದೇಶದ ಅರ್ಥ ಬೇಡ, ವಿಧಿಯ ಲೆಕ್ಕ ಬೇಕು.

ಮೊಳಕೋಲು ಬರೆದದ್ದು:

ಮೊದಲು ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಹೀಬ್ರೂ ಪ್ರತಿಗಳಲ್ಲಿ ಐದನೇ ಅಧ್ಯಾಯ ಏಳು ವಚನ ಉದ್ದ. ಹಾಗಾಗಿ ನಿಮ್ಮ 6:30 ಅಲ್ಲಿ 6:23 ಆಗಿರುತ್ತದೆ. ವ್ಯಾಖ್ಯಾನ ತೆರೆದಾಗ ವಚನವೇ ತಪ್ಪು ಅನ್ನಿಸಿದರೆ ಕಾರಣ ಇದು. ಪಟ್ಟಿಯಲ್ಲಿ ಎರಡೂ ಸಂಖ್ಯೆ ಹಾಕಿಕೊಳ್ಳಿ.

ಕೊಯ್ಯುವವನು ತಂದವನೇ. 1:5ರಲ್ಲಿ ಕೊಯ್ಯುವ ಕ್ರಿಯಾಪದ ಏಕವಚನದಲ್ಲಿದೆ. ಅದರ ಬೆನ್ನಿಗೇ ‘ಆರೋನನ ಮಕ್ಕಳಾದ ಯಾಜಕರು’ ಎಂಬ ಬಹುವಚನ ಕರ್ತೃ ಬಂದು ರಕ್ತವನ್ನು ಒಪ್ಪಿಸುತ್ತದೆ. ಕರ್ತೃ ಬದಲಾಗುವ ಆ ಜಾಗವೇ ಗಡಿ. ಚೂರಿಯ ಕೆಲಸ ಯಾರದ್ದಾದರೂ ಆಗಬಹುದು, ರಕ್ತದ ಕೆಲಸ ಯಾಜಕನದ್ದು ಮಾತ್ರ. ಯೆಹೂದ್ಯರ ಮೌಖಿಕ ವಿಧಿಗಳ ಸಂಕಲನವಾದ ಮಿಷ್ನಾ ಇದನ್ನೇ ನಿಯಮವಾಗಿ ಹೇಳುತ್ತದೆ: ಯಾಜಕರಲ್ಲದವರು ಕೊಯ್ದರೂ ಸಿಂಧು, ರಕ್ತವನ್ನು ಬಟ್ಟಲಲ್ಲಿ ಹಿಡಿಯುವುದರಿಂದ ಮುಂದಕ್ಕೆ ಯಾಜಕನೇ ಆಗಬೇಕು. ಕೊಯ್ಯುವುದು, ಹಿಡಿಯುವುದು, ಒಯ್ಯುವುದು, ಎರಚುವುದು ಎಂಬ ನಾಲ್ಕು ಹಂತಗಳಲ್ಲಿ ಮೊದಲನೆಯದಕ್ಕೆ ಮಾತ್ರ ಈ ಸಡಿಲಿಕೆ.

ಇದಕ್ಕೆ ಮೂರು ಅಪವಾದಗಳನ್ನು ಅಡಿಟಿಪ್ಪಣಿಯಾಗಿ ಹಾಕಿ. ಹಕ್ಕಿಯಾದರೆ ಯಾಜಕನೇ ಕೈಯಾರೆ ಕುತ್ತಿಗೆ ಮುರಿಯುತ್ತಾನೆ, ಅಲ್ಲಿ ಚೂರಿಯೇ ಇಲ್ಲ. ಮಹಾಯಾಜಕ ತನ್ನ ಹೋರಿಯನ್ನು ತಾನೇ ಕೊಯ್ಯುತ್ತಾನೆ, ಯಾಕೆಂದರೆ ಅಲ್ಲಿ ತಂದವನೂ ಅವನೇ. ಇನ್ನು ಯೆಹೆಜ್ಕೇಲ 44:11ರಲ್ಲಿ ಜನರ ಪರವಾಗಿ ಕೊಯ್ಯುವ ಕೆಲಸ ಲೇವಿಯರಿಗೆ ಹೋಗುತ್ತದೆ. ಅದು ಬೇರೆ ವ್ಯವಸ್ಥೆಯ ಚಿತ್ರ, ಯಾಜಕಕಾಂಡದ ಸಾಲಿಗೆ ಬೆರೆಸಬೇಡಿ.

ಸಾಮಾನ್ಯ ಇಸ್ರಾಯೇಲ್ಯನೊಬ್ಬ ತಿಳಿಯದೆ ತಪ್ಪು ಮಾಡಿದ್ದಾನೆ, ಆಮೇಲೆ ಅದು ಗೊತ್ತಾಗಿದೆ ಅಂದುಕೊಳ್ಳಿ. ಕುಂದಿಲ್ಲದ ಹೆಣ್ಣಾಡು ಅಥವಾ ಹೆಣ್ಣು ಕುರಿಮರಿ ತರುತ್ತಾನೆ. ತಲೆಯ ಮೇಲೆ ಕೈಯಿಡುತ್ತಾನೆ. ಸರ್ವಾಂಗಹೋಮದ ಪಶುವನ್ನು ಕೊಯ್ಯುವ ಜಾಗದಲ್ಲೇ, ಅಂದರೆ 1:11ರ ಪ್ರಕಾರ ಯಜ್ಞವೇದಿಯ ಬಡಗಣ ಮಗ್ಗುಲಲ್ಲಿ, ಕೊಯ್ಯುತ್ತಾನೆ. ಯಾಜಕ ಬೆರಳಿಂದ ರಕ್ತ ತೆಗೆದು ವೇದಿಯ ನಾಲ್ಕು ಮೂಲೆಗಳ ಕೊಂಬುಗಳಿಗೆ ಹಚ್ಚಿ, ಉಳಿದದ್ದನ್ನು ವೇದಿಯ ಬುಡಕ್ಕೆ ಸುರಿಯುತ್ತಾನೆ. ಕರುಳಿನ ಸುತ್ತಲ ಕೊಬ್ಬು, ಎರಡು ಮೂತ್ರಪಿಂಡ ಮತ್ತು ಅವುಗಳ ಮೇಲಿನ ಕೊಬ್ಬು, ಈಲಿಯ ಹಾಲೆ ಬೆಂಕಿಗೆ. ಮಾಂಸ ಯಾಜಕನಿಗೆ. ಅದನ್ನು ದೇವದರ್ಶನದ ಗುಡಾರದ ಅಂಗಳದೊಳಗೇ ತಿನ್ನಬೇಕು, ಯಾಜಕ ಮನೆತನದ ಗಂಡಸರು ಮಾತ್ರ. ತಂದವನಿಗೆ ಒಂದು ತುಣುಕೂ ಇಲ್ಲ. ತಂದವನಿಗೂ ಪಾಲಿರುವುದು ಸಮಾಧಾನಯಜ್ಞದಲ್ಲಿ ಮಾತ್ರ.

ಇಲ್ಲಿ ‘ಹಚ್ಚುವುದು’, ‘ಎರಚುವುದು’, ‘ಚಿಮುಕಿಸುವುದು’ ಬೇರೆ ಬೇರೆ ಕ್ರಿಯೆಗಳು. ಸರ್ವಾಂಗಹೋಮದಲ್ಲೂ ಸಮಾಧಾನಯಜ್ಞದಲ್ಲೂ ರಕ್ತವನ್ನು ಬಟ್ಟಲಿನಿಂದ ವೇದಿಯ ಸುತ್ತಲೂ ಎರಚುತ್ತಾರೆ, ಬೆರಳು ಬಳಕೆಯಾಗುವುದಿಲ್ಲ. ಕೊಂಬಿಗೆ ಬೆರಳಿಂದ ಹಚ್ಚುವುದು ದೋಷಪರಿಹಾರಕ ಯಜ್ಞದ ಗುರುತು. ನಿಮ್ಮ ಪಟ್ಟಿಯಲ್ಲಿ ಮೂರನ್ನೂ ‘ಪ್ರೋಕ್ಷಣೆ’ ಎಂದು ಒಂದೇ ಪದದಲ್ಲಿ ಬರೆದಿದ್ದರೆ ಮೊದಲು ಅದನ್ನು ಬಿಡಿಸಿ. ಅರ್ಧ ಗಂಟು ಅಲ್ಲೇ ಸಡಿಲವಾಗುತ್ತದೆ.

ಈಗ ಎರಡನೇ ಪ್ರಶ್ನೆ. ನಾಲ್ಕನೇ ಅಧ್ಯಾಯ ತಪ್ಪಿತಸ್ಥರನ್ನು ಅಂತಸ್ತಿನ ಪ್ರಕಾರ ಜೋಡಿಸುತ್ತದೆ. ಅಭಿಷಿಕ್ತ ಯಾಜಕ ತಪ್ಪಿದರೆ ಒಂದು ಹೋರಿ, ಇಡೀ ಸಭೆ ತಪ್ಪಿದರೆ ಒಂದು ಹೋರಿ. ಈ ಎರಡರಲ್ಲೂ ರಕ್ತ ಗುಡಾರದ ಒಳಕ್ಕೆ ಹೋಗುತ್ತದೆ: ಒಳತೆರೆಯ ಎದುರು ಏಳು ಸಲ ಚಿಮುಕಿಸಿ, ಧೂಪವೇದಿಯ ಕೊಂಬುಗಳಿಗೆ ಹಚ್ಚಿ, ಉಳಿದದ್ದನ್ನು ಹೊರಗಿನ ವೇದಿಯ ಬುಡಕ್ಕೆ ಸುರಿಯಬೇಕು. ಅಧಿಪತಿಯಾದರೆ ಗಂಡು ಹೋತ, ಸಾಮಾನ್ಯನಾದರೆ ಹೆಣ್ಣಾಡು ಅಥವಾ ಹೆಣ್ಣು ಕುರಿಮರಿ. ಇವರ ರಕ್ತ ಹೊರಗಿನ ವೇದಿಯನ್ನು ದಾಟುವುದಿಲ್ಲ. 6:30 ಹೇಳುವ ಸೂತ್ರ ಇಷ್ಟೇ: ರಕ್ತ ಗುಡಾರದೊಳಗೆ ಹೋದ ಪ್ರಾಣಿಯ ಮಾಂಸವನ್ನು ತಿನ್ನಕೂಡದು. ಅದರ ಚರ್ಮ, ಮಾಂಸ, ತಲೆ, ಕಾಲು, ಕರುಳು, ಸಗಣಿ ಸಮೇತ ಪಾಳೆಯದ ಹೊರಗೆ, ವೇದಿಯ ಬೂದಿ ಸುರಿಯುವ ಜಾಗದಲ್ಲಿ ಸುಡಬೇಕು. ಸರ್ವಾಂಗಹೋಮದ ಚರ್ಮವಾದರೂ ಯಾಜಕನಿಗೆ ಸಿಗುತ್ತದೆ (7:8). ಇಲ್ಲಿ ಅದೂ ಇಲ್ಲ.

ಮೂರನೆಯದು. ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ತಾಗಿದೆ. ಅಮೆರಿಕದ ವಿದ್ವಾಂಸ ಜೇಕಬ್ ಮಿಲ್‌ಗ್ರೋಮ್ (1923–2010) ಇದೇ ಎಳೆ ಹಿಡಿದು ವಾದಿಸಿದರು: ಹೀಬ್ರೂವಿನ ‘ಹಟ್ಟಾತ್’ ಅಂದರೆ ಪಾಪಕ್ಕೆ ಬದಲು ಕೊಡುವ ಬಲಿಯಲ್ಲ, ಶುದ್ಧೀಕರಣದ ಬಲಿ. ಶುದ್ಧವಾಗುವುದು ಮುಖ್ಯವಾಗಿ ಗುಡಾರ, ತಂದ ಮನುಷ್ಯನಲ್ಲ. ಜನರ ತಪ್ಪು ಮತ್ತು ಮೈಲಿಗೆ ದೂರದಿಂದಲೇ ಬಂದು ಪವಿತ್ರಸ್ಥಾನಕ್ಕೆ ಅಂಟುತ್ತದೆ. ಒಬ್ಬನ ತಪ್ಪು ಹೊರಗಿನ ವೇದಿಯವರೆಗೆ, ಮಹಾಯಾಜಕನದ್ದೋ ಇಡೀ ಸಭೆಯದ್ದೋ ಒಳಕೋಣೆಯವರೆಗೆ, ಬೇಕೆಂದೇ ಮಾಡಿದ ದ್ರೋಹ ತೆರೆಯಾಚೆಗಿನ ಮಂಜೂಷದ (ಒಡಂಬಡಿಕೆಯ ಪೆಟ್ಟಿಗೆಯ) ಮುಚ್ಚಳವಾದ ಕೃಪಾಸನದವರೆಗೆ ತಲುಪುತ್ತದೆ. ಎಲ್ಲಿಯವರೆಗೆ ಕೊಳೆ ತಲುಪಿದೆಯೋ ಅಲ್ಲಿಯವರೆಗೆ ರಕ್ತವೂ ಹೋಗಬೇಕು. ಈ ಯಜ್ಞದ ರಕ್ತ ಯಾವತ್ತೂ ತಂದವನ ಮೈಗೆ ಹಚ್ಚುವುದಿಲ್ಲ, ಕೊಂಬಿಗೆ ಹಚ್ಚುತ್ತಾರೆ ಎಂಬುದು ಅವರ ಗಟ್ಟಿ ಸಾಕ್ಷಿ.

ಇನ್ನೂ ಗಟ್ಟಿಯಾದದ್ದು ಈ ಯಜ್ಞವನ್ನು ಯಾರೆಲ್ಲ ತರಬೇಕು ಎಂಬ ಪಟ್ಟಿ. ಹೆತ್ತ ತಾಯಿ (12ನೇ ಅಧ್ಯಾಯ), ವ್ರತದ ಅವಧಿ ಮುಗಿಸಿದ ನಾಜೀರ (ಅರಣ್ಯಕಾಂಡ 6). ಹೊಸದಾಗಿ ಪ್ರತಿಷ್ಠೆಯಾಗುವ ವೇದಿಗೂ ಇದೇ ಯಜ್ಞ (8:15). ಹೆರುವುದು ಪಾಪವಲ್ಲ, ಹರಕೆ ತೀರಿಸುವುದು ಪಾಪವಲ್ಲ, ವೇದಿಗೆ ಪಾಪ ಮಾಡಲು ಕೈಕಾಲೇ ಇಲ್ಲ. ಕನ್ನಡದ ‘ದೋಷಪರಿಹಾರಕ’ ಎಂಬ ಹೆಸರು ಈ ಮಟ್ಟಿಗೆ ಅದೃಷ್ಟದ್ದು. ‘ಪಾಪಬಲಿ’ ಎಂದಿದ್ದರೆ ಬಾಣಂತಿಯ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವು.

ಪಾತ್ರೆಯ ವಿಷಯ. ಮಾಂಸ ಬೇಯಿಸಿದ್ದು ಮಣ್ಣಿನ ಮಡಕೆಯಾದರೆ ಒಡೆಯಬೇಕು, ತಾಮ್ರದ್ದಾದರೆ ತಿಕ್ಕಿ ನೀರಲ್ಲಿ ತೊಳೆಯಬೇಕು. ಬಟ್ಟೆಗೆ ರಕ್ತ ಚಿಮ್ಮಿದರೆ ಅಂಗಳದೊಳಗೇ ಒಗೆಯಬೇಕು. ಮಣ್ಣು ಹೀರಿಕೊಂಡದ್ದನ್ನು ಬಿಡುವುದಿಲ್ಲ, ಲೋಹ ಬಿಡುತ್ತದೆ. ಸತ್ತ ಹಲ್ಲಿ ಬಿದ್ದ ಮಣ್ಣಿನ ಪಾತ್ರೆಯನ್ನೂ ಒಡೆಯಿರಿ ಎಂದು 11:33 ಹೇಳುತ್ತದೆ. ಒಂದು ಕಡೆ ಪರಿಶುದ್ಧತೆ, ಇನ್ನೊಂದು ಕಡೆ ಅಶುದ್ಧತೆ, ಮಡಕೆಯ ಗತಿ ಒಂದೇ.

ಹಿಸ್ಸೋಪು ಬರೆದದ್ದು:

ಮೊಳಕೋಲು ಅವರು ಬರೆದದ್ದು ಬಹುಪಾಲು ಸರಿ. ಆದರೆ ‘ಸೂತ್ರ ಇಷ್ಟೇ’ ಎಂದು ಮುಗಿಸುವ ಹಾಗಿಲ್ಲ. 6:30ರ ಸೂತ್ರವೊಂದನ್ನೇ ನಂಬಿದರೆ ನಿಮ್ಮ ಪಟ್ಟಿ 8 ಮತ್ತು 9ನೇ ಅಧ್ಯಾಯದಲ್ಲಿ ಮುರಿದುಬೀಳುತ್ತದೆ.

ಯಾಜಕರ ಪ್ರತಿಷ್ಠೆಯ ಹೋರಿಯನ್ನು ನೋಡಿ (8:14–17). ರಕ್ತ ಹೊರಗಿನ ವೇದಿಯ ಕೊಂಬಿಗೆ ಮಾತ್ರ, ಒಳಗೆ ಹೋಗಲಿಲ್ಲ. ಆದರೂ ಮಾಂಸವನ್ನು ಪಾಳೆಯದ ಹೊರಗೆ ಸುಟ್ಟರು. ಎಂಟನೇ ದಿನ ಆರೋನನ ಕರು (9:8–11): ಮತ್ತೆ ರಕ್ತ ಹೊರಗಿನ ಕೊಂಬಿಗೆ, ಮತ್ತೆ ಮಾಂಸ ಹೊರಗೆ ಸುಟ್ಟದ್ದು. ಅದೇ ದಿನ ಜನರ ಪರವಾಗಿ ಕೊಟ್ಟ ಹೋತವನ್ನೂ ಹೀಗೇ ಸುಟ್ಟುಬಿಟ್ಟಾಗ ಮೋಶೆ ಆರೋನನ ಮಕ್ಕಳಾದ ಎಲ್ಲಾಜಾರ್ ಮತ್ತು ಈತಾಮಾರರ ಮೇಲೆ ಸಿಟ್ಟಾಗುತ್ತಾನೆ (10:16–18): ಇದರ ರಕ್ತ ಒಳಕ್ಕೆ ಹೋಗಿಲ್ಲ, ನೀವು ತಿನ್ನಬೇಕಿತ್ತು. ಕರುವಿನ ಬಗ್ಗೆ ಅವನು ಚಕಾರ ಎತ್ತುವುದಿಲ್ಲ.

ಅಂದರೆ ಇಲ್ಲಿ ಎರಡು ನಿಯಮಗಳು ಒಟ್ಟಿಗೆ ನಡೆಯುತ್ತಿವೆ. ಒಂದು ನೀವು ಕಂಡದ್ದು, ರಕ್ತ ಒಳಗೆ ಹೋದರೆ ತಿನ್ನುವಂತಿಲ್ಲ. ಇನ್ನೊಂದನ್ನು ಬರೆದು ಹೇಳಿಲ್ಲ, ಆದರೆ ಪ್ರತಿ ಉದಾಹರಣೆಯಲ್ಲೂ ಅದು ಕೆಲಸ ಮಾಡುತ್ತದೆ: ಯಾರ ದೋಷಕ್ಕಾಗಿ ಯಜ್ಞವೋ ಅವನು ಅದರ ಮಾಂಸ ತಿನ್ನುವಂತಿಲ್ಲ. ಸಾಮಾನ್ಯನ ಆಡನ್ನು ಯಾಜಕ ತಿನ್ನಬಹುದು, ಯಾಕೆಂದರೆ ದೋಷ ಅವನದ್ದಲ್ಲ. ಯಾಜಕರ ಸ್ವಂತ ಹೋರಿಯನ್ನೋ ಕರುವನ್ನೋ ತಿನ್ನಲು ಯಾರೂ ಉಳಿದಿರುವುದಿಲ್ಲ. ನಾಲ್ಕನೇ ಅಧ್ಯಾಯದ ಸಭೆಯ ಹೋರಿಯಲ್ಲಿ ಎರಡು ನಿಯಮವೂ ಒಂದೇ ಕಡೆ ಬೀಳುತ್ತವೆ, ಸಭೆ ಅಂದರೆ ಯಾಜಕರೂ ಸೇರಿದಂತೆ. ಒಂಬತ್ತನೇ ಅಧ್ಯಾಯದಲ್ಲಿ ಯಾಜಕರ ಲೆಕ್ಕ ಕರುವಿನಲ್ಲೇ ಚುಕ್ತಾ ಆಗಿತ್ತು. ಹೋತ ಜನರದ್ದು ಮಾತ್ರ, ಆದ್ದರಿಂದ ಅದನ್ನು ತಿನ್ನಬೇಕಿತ್ತು. ಪಟ್ಟಿಯಲ್ಲಿ ‘ರಕ್ತ ಎಲ್ಲಿಗೆ’ ಕಾಲಮಿನ ಪಕ್ಕ ‘ಯಾರ ಪರವಾಗಿ’ ಎಂಬ ಕಾಲಮ್ ಹಾಕಿ, ಮಾಂಸದ ಕಾಲಮ್ ತಾನಾಗಿ ತುಂಬುತ್ತದೆ.

ಕೈಯಿಡುವ ಬಗ್ಗೆ. ಒಂದರಿಂದ ನಾಲ್ಕನೇ ಅಧ್ಯಾಯಗಳಲ್ಲಿ ತಂದವನು ಇಡುವುದು ಒಂದು ಕೈ. ಹೀಬ್ರೂವಿನಲ್ಲಿ ‘ತನ್ನ ಕೈ’ ಎಂದು ಏಕವಚನ. ಎರಡೂ ಕೈ ಎಂದು ಬಿಡಿಸಿ ಹೇಳುವುದು 16:21ರಲ್ಲಿ ಮಾತ್ರ, ಬದುಕಿರುವ ಹೋತದ ಮೇಲೆ. ಅಲ್ಲಿ ಕೈಯ ಜೊತೆ ಬಾಯಿಯೂ ಇದೆ: ಮಹಾಯಾಜಕ ಇಸ್ರಾಯೇಲ್ಯರ ಅಪರಾಧಗಳನ್ನು ಅರಿಕೆ ಮಾಡಿ ‘ಹೋತದ ತಲೆಯ ಮೇಲೆ ಹೊರಿಸುತ್ತಾನೆ’. ಪಾಪ ದಾಟುವ ವಿಧಿ ಅದು. ಆ ಹೋತ ವೇದಿಗೆ ಹತ್ತುವುದಿಲ್ಲ, ಯಾಜಕಕಾಂಡದ ಪ್ರಕಾರ ಅದನ್ನು ಕೊಲ್ಲುವುದೂ ಇಲ್ಲ, ಅಡವಿಗೆ ಅಟ್ಟುತ್ತಾರೆ. ಮಿಕ್ಕ ಯಜ್ಞಗಳಲ್ಲಿ ಒಂದು ಕೈ ಇಡುವುದು ಹೆಚ್ಚೆಂದರೆ ‘ಈ ಪ್ರಾಣಿ ನನ್ನದು, ಇದರ ಫಲ ನನಗೆ’ ಎಂಬ ಗುರುತು. ಏನೂ ದಾಟಬೇಕಿಲ್ಲದ ಸಮಾಧಾನಯಜ್ಞದಲ್ಲೂ ಕೈಯಿಡುತ್ತಾರೆ. ಅಂಗೈಯಲ್ಲಿ ಹಿಡಿದು ತರುವ ಹಕ್ಕಿಗೆ ಕೈಯಿಡುವ ಮಾತೇ ಇಲ್ಲ, ಅದು ಯಾರದ್ದೆಂದು ಬೇರೆ ತೋರಿಸಬೇಕಿಲ್ಲವಲ್ಲ. 16ನೇ ಅಧ್ಯಾಯದ ಎರಡು ಕೈಯನ್ನು ತಂದು ನಾಲ್ಕನೇ ಅಧ್ಯಾಯಕ್ಕೆ ಅಂಟಿಸಿದವರಿಂದಲೇ ಈ ಗೊಂದಲ.

ಮಿಲ್‌ಗ್ರೋಮರ ವಾದಕ್ಕೂ ಒಂದು ತಗಾದೆ ಇದೆ. ನಾಲ್ಕನೇ ಅಧ್ಯಾಯದ ಪಲ್ಲವಿಯೇ ‘ಅವನಿಗೆ ಕ್ಷಮಾಪಣೆಯಾಗುವುದು’ ಎಂಬುದು, ‘ವೇದಿ ಶುದ್ಧವಾಗುವುದು’ ಎಂದಲ್ಲ. 16:30 ಕೂಡ ನೇರವಾಗಿ ನಿಮ್ಮನ್ನು ಶುದ್ಧಮಾಡುವುದು ಎನ್ನುತ್ತದೆ. ಹಾಗಾಗಿ ಗುಡಾರ ಮಾತ್ರ ಶುದ್ಧವಾಗುತ್ತದೆ, ಮನುಷ್ಯನಲ್ಲ ಎಂದು ಪೂರ್ತಿ ಒಂದು ಕಡೆಗೆ ವಾಲಿಸುವುದನ್ನು ನಾನು ಒಪ್ಪುವುದಿಲ್ಲ. ವರ್ಷವಿಡೀ ತಪ್ಪು ಮನುಷ್ಯನಿಂದ ಇಳಿಯುತ್ತದೆ, ವರ್ಷಕ್ಕೊಮ್ಮೆ ಗುಡಾರದಿಂದ ಇಳಿಯುತ್ತದೆ ಎಂದರೆ ಎರಡೂ ವಚನಗಳಿಗೆ ಜಾಗ ಸಿಗುತ್ತದೆ.

16ನೇ ಅಧ್ಯಾಯದ ಆ ವರ್ಷಕ್ಕೊಮ್ಮೆಯ ದಿನ ಏಳನೇ ತಿಂಗಳ ಹತ್ತನೇ ದಿನ. ಅದರ ಅನುಕ್ರಮ ಇದು, ಹಿಂದುಮುಂದಾದರೆ ವಿಧಿ ಕೆಡುತ್ತದೆ:

ಮಹಾಯಾಜಕ ಬಂಗಾರದ ಕೆಲಸದ ಉಡುಪನ್ನು ಬಿಟ್ಟು, ಮೈತೊಳೆದು, ನಾರಿನ ನಾಲ್ಕು ಬಟ್ಟೆ ತೊಡುತ್ತಾನೆ: ಅಂಗಿ, ಚಡ್ಡಿ, ನಡುಕಟ್ಟು, ಮುಂಡಾಸ. ಎರಡು ಹೋತಗಳಿಗೆ ಚೀಟು ಹಾಕುತ್ತಾನೆ, ಒಂದು ಯೆಹೋವನಿಗೆ, ಒಂದು ಅಜಾಜೇಲನಿಗೆ (ಅಡವಿಗೆ ಅಟ್ಟುವುದು ಇದನ್ನೇ). ತನಗೂ ತನ್ನ ಮನೆತನಕ್ಕೂ ಆಗಿ ಹೋರಿಯನ್ನು ಕೊಯ್ಯುತ್ತಾನೆ. ಆದರೆ ಕೂಡಲೇ ರಕ್ತ ಒಯ್ಯುವುದಿಲ್ಲ. ವೇದಿಯ ಕೆಂಡ ತುಂಬಿದ ಧೂಪಾರತಿಯನ್ನೂ ನುಣ್ಣಗೆ ಕುಟ್ಟಿದ ಪರಿಮಳಧೂಪ ಎರಡು ಬೊಗಸೆಯನ್ನೂ ತೆರೆಯೊಳಕ್ಕೆ ಒಯ್ದು ಹೊಗೆ ಎಬ್ಬಿಸುತ್ತಾನೆ. ಹೊಗೆ ಕೃಪಾಸನವನ್ನು ಮುಚ್ಚದಿದ್ದರೆ ಅವನು ಸಾಯುತ್ತಾನೆ, ಇದು 16:13ರ ಮಾತು. ಆಮೇಲೆ ಹೋರಿಯ ರಕ್ತ: ಬೆರಳಿಂದ ಕೃಪಾಸನದ ಪೂರ್ವ ಮುಖದ ಮೇಲೆ ಒಮ್ಮೆ, ಅದರ ಎದುರು ಏಳು ಸಲ. ಹೊರಗೆ ಬಂದು ಯೆಹೋವನ ಪಾಲಿನ ಹೋತವನ್ನು ಕೊಯ್ದು ಅದರ ರಕ್ತದಿಂದಲೂ ಹಾಗೆಯೇ. ಬಳಿಕ ಎರಡರ ರಕ್ತವನ್ನೂ ವೇದಿಯ ಕೊಂಬುಗಳಿಗೆ ಹಚ್ಚಿ ಏಳು ಸಲ ಚಿಮುಕಿಸುತ್ತಾನೆ. ಒಳಗಿನಿಂದ ಹೊರಕ್ಕೆ ಗುಡಿಸಿಕೊಂಡು ಬಂದ ಹಾಗೆ. ಗುಡಿಸಿ ತಂದದ್ದನ್ನು ಬದುಕಿರುವ ಹೋತದ ಮೇಲೆ ಹೊರಿಸಿ ಆಚೆ ಕಳಿಸುವುದು ಕೊನೆಗೆ.

ಪ್ರಾಯೋಗಿಕ ತೊಡಕು ಎಲ್ಲಿ ಬರುತ್ತದೆ ನೋಡಿ. ಹೋರಿ ಕೊಯ್ದಾಗಿದೆ, ಆದರೆ ನಡುವೆ ಧೂಪದ ಕೆಲಸ. ಅಷ್ಟರಲ್ಲಿ ಬಟ್ಟಲಿನ ರಕ್ತ ಹೆಪ್ಪುಗಟ್ಟಿದರೆ ಬೆರಳಿಂದ ಚಿಮುಕಿಸಲು ಬರುವುದಿಲ್ಲ. ಅದಕ್ಕೇ ಮಿಷ್ನಾದ ಯೋಮಾ ಭಾಗದಲ್ಲಿ ಬಟ್ಟಲನ್ನು ಇನ್ನೊಬ್ಬನ ಕೈಗೆ ಕೊಟ್ಟು ಕಲಕುತ್ತಾ ಇರಲು ಹೇಳಿದೆ. ಎಣಿಕೆ ತಪ್ಪದಿರಲು ಮಹಾಯಾಜಕ ‘ಒಂದು, ಒಂದು ಮತ್ತು ಒಂದು, ಒಂದು ಮತ್ತು ಎರಡು’ ಹೀಗೆ ‘ಒಂದು ಮತ್ತು ಏಳು’ ತನಕ ಬಾಯಿಬಿಟ್ಟು ಎಣಿಸುತ್ತಾನೆ. ಮೇಲಿನ ಒಂದು ಕೆಳಗಿನ ಏಳರೊಳಗೆ ಸೇರಿಹೋಗಬಾರದು. ಹೋತದ ರಕ್ತ ಹೋರಿಯದ್ದಕ್ಕಿಂತ ಮೊದಲು ಬಿದ್ದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು. ಒಳಗಿನ ಎಣಿಕೆ ಮುಗಿಯುವ ಮೊದಲೇ ರಕ್ತ ಚೆಲ್ಲಿಹೋದರೆ ಬೇರೆ ರಕ್ತ ತಂದು ಒಳಗಿನದ್ದನ್ನು ಮೊದಲಿನಿಂದ ಆರಂಭಿಸಬೇಕು. ಮಿಷ್ನಾ ಸಂಕಲನವಾದದ್ದು ಸುಮಾರು ಕ್ರಿ.ಶ. 200ರಲ್ಲಿ, ದೇವಾಲಯ ನಾಶವಾದದ್ದು 70ರಲ್ಲಿ. ಈ ಅಂತರ ನೆನಪಿರಲಿ. ಎರಡನೇ ದೇವಾಲಯದಲ್ಲಿ ಮಂಜೂಷವೇ ಇರಲಿಲ್ಲ, ಹಾಗಾಗಿ ‘ಕೃಪಾಸನದ ಮೇಲೆ’ ಎಂಬುದು ಅಲ್ಲಿ ಅದು ಇರಬೇಕಿದ್ದ ಜಾಗದ ಕಡೆಗೆ ಎಂದಷ್ಟೇ.

ಹೋತವನ್ನು ಅಟ್ಟಿ ಬಂದವನೂ, ಹೋರಿಯ ಮಾಂಸ ಸುಟ್ಟು ಬಂದವನೂ ಬಟ್ಟೆ ಒಗೆದು ಸ್ನಾನ ಮಾಡಿಯೇ ಪಾಳೆಯಕ್ಕೆ ಮರಳಬೇಕು. ಕೆಂದಾಕಳಿನ ಬೂದಿಯಲ್ಲೂ ಇದೇ ವಿಚಿತ್ರ (ಅರಣ್ಯಕಾಂಡ 19): ಹೆಣದ ಮೈಲಿಗೆ ಕಳೆಯುವ ಆ ಬೂದಿಯನ್ನು ಕೂಡಿಸಿಟ್ಟವನು ಸಾಯಂಕಾಲದವರೆಗೆ ಅಶುದ್ಧ. ಕೊಳೆ ಹೀರುವ ಬಟ್ಟೆ ತಾನೇ ಕೊಳೆಯಾಗುತ್ತದೆ.

ಅಕ್ಷರಜೋಗಿ:

‘ಯಾರ ಪರವಾಗಿ’ ಕಾಲಮ್ ಹಾಕಿದೆ, 4, 8, 9, 16 ನಾಲ್ಕೂ ಹೊಂದಿದವು. ವಿಮೋಚನಕಾಂಡ 24 ಮಾತ್ರ ಉಳಿದಿದೆ. ಅಲ್ಲಿ ರಕ್ತ ಜನರ ಮೇಲೆಯೇ ಬೀಳುತ್ತದೆ. ‘ತಂದವನ ಮೈಗೆ ಹಚ್ಚುವುದಿಲ್ಲ’ ಎಂಬ ಮಾತಿಗೆ ಅದು ವಿರುದ್ಧವಲ್ಲವೇ? ಇನ್ನೊಂದು ಸಣ್ಣದು: 5:11ರ ಬಡವನ ಹಿಟ್ಟಿನಲ್ಲಿ ರಕ್ತವೇ ಇಲ್ಲ. ಆ ಸಾಲಿಗೆ ಏನು ಬರೆಯಲಿ?

ಕಲ್ಲುಬರಹ ಬರೆದದ್ದು:

ವಿರುದ್ಧವಲ್ಲ, ಅದು ಈ ಪಟ್ಟಿಗೆ ಸೇರಿದ್ದೇ ಅಲ್ಲ. 24:5ರಲ್ಲಿ ಕೊಟ್ಟದ್ದು ಸರ್ವಾಂಗಹೋಮ ಮತ್ತು ಸಮಾಧಾನಯಜ್ಞ. ದೋಷಪರಿಹಾರಕ ಯಜ್ಞದ ಹೆಸರೇ ಅಲ್ಲಿಲ್ಲ. ಕೊಟ್ಟವರು ಇಸ್ರಾಯೇಲ್ಯರ ಯೌವನಸ್ಥರು, ಯಾಕೆಂದರೆ ಆರೋನನ ಮನೆತನದ ಪ್ರತಿಷ್ಠೆ ಇನ್ನೂ ಆಗಿಲ್ಲ, ಅದು ಯಾಜಕಕಾಂಡ 8ರಲ್ಲಿ. ವಿಧಿ ನಡೆಯುವ ಕ್ರಮವನ್ನೇ ನೋಡಿ: ಸೀನಾಯಿ ಬೆಟ್ಟದ ಬುಡದಲ್ಲಿ ಒಂದು ಯಜ್ಞವೇದಿ, ಹನ್ನೆರಡು ಕುಲಗಳಿಗೆ ಹನ್ನೆರಡು ಕಂಬ. ರಕ್ತದಲ್ಲಿ ಅರ್ಧ ಬೋಗುಣಿಗಳಿಗೆ, ಅರ್ಧ ವೇದಿಗೆ ಎರಚಿದ್ದು. ಆಮೇಲೆ ಒಡಂಬಡಿಕೆಯ ಗ್ರಂಥವನ್ನು ಜನರಿಗೆ ಕೇಳುವಂತೆ ಓದಿದ್ದು. ಜನ ಒಪ್ಪಿದ್ದು. ಒಪ್ಪಿದ ಮೇಲೆಯೇ ಉಳಿದರ್ಧ ಜನರ ಮೇಲೆ.

ರಕ್ತವನ್ನು ಎರಡು ಪಾಲು ಮಾಡಿ ನಡುವೆ ಓದು ಮತ್ತು ಒಪ್ಪಿಗೆಯನ್ನು ಇಟ್ಟಿರುವುದರಲ್ಲೇ ವಿಷಯವಿದೆ. ವೇದಿ ಒಂದು ಪಕ್ಷ, ಜನ ಇನ್ನೊಂದು ಪಕ್ಷ, ರಕ್ತ ಎರಡಕ್ಕೂ ಒಂದೇ. ಕೊಳೆ ತೊಳೆಯುವುದು ಇಲ್ಲಿ ಉದ್ದೇಶವಲ್ಲ, ಇಬ್ಬರನ್ನು ಕಟ್ಟುವುದು ಉದ್ದೇಶ. ಮುಂದೆ 24:11ರಲ್ಲಿ ಹಿರಿಯರು ಬೆಟ್ಟದ ಮೇಲೆ ಉಂಡು ಕುಡಿಯುತ್ತಾರೆ. ಒಡಂಬಡಿಕೆ ಊಟದಲ್ಲಿ ಮುಗಿಯುವುದು ಆ ಕಾಲದ ರೂಢಿ: ಇಸಾಕ ಮತ್ತು ಅಬೀಮೆಲೆಕರದ್ದೂ (ಆದಿಕಾಂಡ 26:30), ಯಾಕೋಬ ಮತ್ತು ಲಾಬಾನರದ್ದೂ (31:54) ಹಾಗೆಯೇ. ತಂದವನೂ ಉಣ್ಣಬಹುದಾದ ಸಮಾಧಾನಯಜ್ಞ ಇಲ್ಲಿ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇದೇ.

ಮನುಷ್ಯರ ಮೇಲೆ ಯಜ್ಞದ ರಕ್ತ ಬೀಳುವುದು ತೀರ ಅಪರೂಪ. ಒಂದು ಇದು. ಎರಡನೆಯದು ಯಾಜಕರ ಪ್ರತಿಷ್ಠೆ: ಟಗರಿನ ರಕ್ತ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ. ಬಳಿಕ ವೇದಿಯ ಮೇಲಿದ್ದ ರಕ್ತ ಮತ್ತು ಅಭಿಷೇಕತೈಲವನ್ನು ಅವರ ಮೇಲೂ ಬಟ್ಟೆಯ ಮೇಲೂ ಚಿಮುಕಿಸಿದ್ದು (8:23–30). ಮೂರನೆಯದು ಚರ್ಮರೋಗ ವಾಸಿಯಾಗಿ ಮರಳಿ ಬರುವವನು: ಮೊದಲು ಹಕ್ಕಿಯ ರಕ್ತ ಏಳು ಸಲ, ಎಂಟನೇ ದಿನ ಪ್ರಾಯಶ್ಚಿತ್ತಯಜ್ಞದ (ಇದು ದೋಷಪರಿಹಾರಕ ಯಜ್ಞಕ್ಕಿಂತ ಬೇರೆ) ರಕ್ತ ಅದೇ ಕಿವಿ, ಅದೇ ಎರಡು ಹೆಬ್ಬೆರಳಿಗೆ (14ನೇ ಅಧ್ಯಾಯ). ಮೂರರಲ್ಲೂ ಮನುಷ್ಯ ಒಂದು ಸ್ಥಾನದಿಂದ ಇನ್ನೊಂದಕ್ಕೆ ದಾಟುತ್ತಿದ್ದಾನೆ. ಗುಂಪು ಯೆಹೋವನ ಪ್ರಜೆಯಾಗುತ್ತದೆ, ಲೇವಿ ಕುಲದವನು ಯಾಜಕನಾಗುತ್ತಾನೆ, ಪಾಳೆಯದಾಚೆಗಿದ್ದವನು ಒಳಗಿನವನಾಗುತ್ತಾನೆ. ಈ ಮೂರಕ್ಕೆ ಬೇರೆ ಪಟ್ಟಿ ಮಾಡಿ.

ನೀರು, ಕೆಂಪು ಉಣ್ಣೆ, ಹಿಸ್ಸೋಪು ನಿಮ್ಮ ಟಿಪ್ಪಣಿಗೆ ಬಂದದ್ದು ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯ 9:19ರಿಂದ. ಆ ಪತ್ರಿಕೆ ಸೀನಾಯಿಯ ವಿಧಿಯನ್ನು ಹೇಳುವಾಗ ಚರ್ಮರೋಗಿಯ ಶುದ್ಧೀಕರಣದ ಮತ್ತು ಕೆಂದಾಕಳಿನ ಬೂದಿಯ ಸಾಮಗ್ರಿಗಳನ್ನೂ ಸೇರಿಸಿಕೊಂಡು ಒಂದೇ ಚಿತ್ರ ಬರೆಯುತ್ತದೆ. ಗ್ರಂಥದ ಮೇಲೂ ರಕ್ತ ಚಿಮುಕಿಸಿದ್ದನ್ನು ಹೇಳುವುದೂ ಅದೇ. ವಿಮೋಚನಕಾಂಡದಲ್ಲಿ ಅದ್ಯಾವುದೂ ಇಲ್ಲ. ಬೋಗುಣಿ ಮತ್ತು ರಕ್ತ, ಅಷ್ಟೇ.

ಆದಿಕಾಂಡ 15ನ್ನೂ ಇದಕ್ಕೆ ಬೆರೆಸುವವರಿದ್ದಾರೆ, ಆದ್ದರಿಂದ ಒಂದು ಮಾತು. ಅಲ್ಲಿ ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರನ್ನು ಎರಡಾಗಿ ಸೀಳಿ ಎದುರುಬದುರು ಇಡುತ್ತಾರೆ. ಬೆಳವಕ್ಕಿ, ಪಾರಿವಾಳದ ಮರಿಗಳನ್ನು ಸೀಳುವುದಿಲ್ಲ. ವೇದಿಯಿಲ್ಲ, ರಕ್ತ ಹಚ್ಚುವುದಿಲ್ಲ, ಸುಡುವುದಿಲ್ಲ, ಉಣ್ಣುವುದಿಲ್ಲ. ಇದು ಯಜ್ಞವಲ್ಲ, ಆಣೆ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಮಾಡುವುದಿಲ್ಲ’, ‘ಕತ್ತರಿಸುತ್ತಾರೆ’. ಸೀಳಿದ ಹೋಳುಗಳ ನಡುವೆ ನಡೆದವನು ಮಾತು ತಪ್ಪಿದರೆ ತನ್ನ ಗತಿಯೂ ಇದೇ ಎಂದು ಒಪ್ಪಿಕೊಂಡ ಹಾಗೆ. ಯೆರೆಮೀಯ 34:18–20ರಲ್ಲಿ ಕರುವನ್ನು ಸೀಳಿ ನಡುವೆ ಹಾದುಹೋದ ಯೆರೂಸಲೇಮಿನ ಪ್ರಮುಖರಿಗೆ ಈ ಶಾಪವೇ ತಟ್ಟುತ್ತದೆ. ದಾಸರನ್ನು ಬಿಡುಗಡೆ ಮಾಡುತ್ತೇವೆಂದು ಆಣೆಯಿಟ್ಟು ಮತ್ತೆ ಹಿಡಿದು ತಂದಿದ್ದರು.

ಸುತ್ತಲಿನ ರಾಜ್ಯಗಳ ಕರಾರುಗಳಲ್ಲಿ ಇದಕ್ಕೆ ಜೋಡಿ ಸಿಗುತ್ತದೆ. ಕ್ರಿ.ಪೂ. 8ನೇ ಶತಮಾನದ, ಸಿರಿಯಾದ ಸೆಫೀರೆಯಲ್ಲಿ ಸಿಕ್ಕ ಅರಮಾಯಿಕ್ ಶಾಸನದಲ್ಲಿ ಈ ಕರುವನ್ನು ಕಡಿದಂತೆ ಅರ್ಪದದ ಅರಸ ಮತೀಎಲ್‌ನನ್ನೂ ಕಡಿಯಲಿ ಎಂಬ ಶಾಪವಿದೆ. ಅದೇ ಅರಸನೊಡನೆ ಅಶ್ಶೂರದ ಐದನೇ ಅಶ್ಶೂರ್ ನಿರಾರಿ ಮಾಡಿಕೊಂಡ ಕರಾರಿನಲ್ಲಿ ಇನ್ನೂ ಬಿಡಿಸಿ ಹೇಳಿದೆ: ಈ ಕುರಿಮರಿಯನ್ನು ತಂದದ್ದು ಬಲಿಗಲ್ಲ, ಔತಣಕ್ಕೂ ಅಲ್ಲ, ಕರಾರಿಗೆ, ಇದರ ತಲೆ ಅವನ ತಲೆ. ಬಲಿಯ ಪ್ರಾಣಿಗೂ ಆಣೆಯ ಪ್ರಾಣಿಗೂ ನಡುವೆ ಗೆರೆ ಎಳೆಯುವ ಇಷ್ಟು ನಿಚ್ಚಳ ವಾಕ್ಯ ಇಸ್ರಾಯೇಲ್ಯರ ಗ್ರಂಥದಲ್ಲೂ ಇಲ್ಲ.

ಎರಡು ಕಲ್ಲಿನ ಹಲಗೆಗಳನ್ನು ಮಂಜೂಷದಲ್ಲಿ ಯಾಕಿಟ್ಟರು ಎಂದು ಕೇಳುವವರಿಗೂ ಇದೇ ಹಿನ್ನೆಲೆ ಸಾಕು. ಇಂದಿನ ಟರ್ಕಿಯಲ್ಲಿ ಆಳಿದ ಹಿತ್ತೀಯರ ಕರಾರುಗಳ ಪ್ರತಿಯನ್ನು ದೇವರ ಮುಂದೆ ಇಡುತ್ತಿದ್ದರು. ಹಿತ್ತೀಯ ಅರಸ ಸುಪ್ಪಿಲುಲಿಯುಮ ಮತ್ತು ಮಿತ್ತನ್ನಿ ರಾಜ್ಯದ ಶತ್ತಿವಾಜನ ಕರಾರಿನ ಒಂದು ಪ್ರತಿ ಅರಿನ್ನದ ಸೂರ್ಯದೇವಿಯ ಮುಂದಿತ್ತು. ಆಗಾಗ ಓದಿ ಕೇಳಿಸಬೇಕೆಂಬ ಷರತ್ತೂ ಆ ಕರಾರಿನಲ್ಲಿದೆ. ಧರ್ಮೋಪದೇಶಕಾಂಡ 31:10–13ರಲ್ಲಿ ಅದು ಏಳು ವರ್ಷಕ್ಕೊಮ್ಮೆ, ಪರ್ಣಶಾಲೆಗಳ ಹಬ್ಬದಲ್ಲಿ. ಅದೇ ಗ್ರಂಥದ 28:23ರ ತಾಮ್ರದ ಆಕಾಶ, ಕಬ್ಬಿಣದ ನೆಲದ ಶಾಪ ಮಾತ್ರ ಹಿತ್ತೀಯರಿಗಿಂತ ಅಶ್ಶೂರದ ಎಸರ್‌ಹದ್ದೋನನ ಕ್ರಿ.ಪೂ. 672ರ ಕರಾರಿಗೆ ಹತ್ತಿರ.

‘ಕೊಂಬು’ ಎಂದಾಗ ಪ್ರಾಣಿಯ ಕೊಂಬನ್ನು ಅಂಟಿಸಿದ್ದರು ಎಂದುಕೊಳ್ಳಬೇಡಿ. ವೇದಿಯ ನಾಲ್ಕು ಮೂಲೆಗಳಲ್ಲಿ ಮೇಲೆದ್ದ ಚೂಪು ಅದು. 1973ರಲ್ಲಿ ತೆಲ್ ಬೇರ್ಷೆಬದ ಉತ್ಖನನದಲ್ಲಿ ಇಂಥ ವೇದಿಯ ಕಲ್ಲುಗಳು ಉಗ್ರಾಣದ ಗೋಡೆಗೆ ಸೇರಿಸಿ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕವು. ಅವು ಕೆತ್ತಿದ ಕಲ್ಲುಗಳು. ಉಳಿ ಮುಟ್ಟಿದ ಕಲ್ಲಿನಿಂದ ವೇದಿ ಕಟ್ಟಬೇಡ ಎಂಬ ವಿಮೋಚನಕಾಂಡ 20:25ರ ಎದುರು ಅದನ್ನಿಟ್ಟು ನೋಡಿದರೆ, ಬರೆದ ವಿಧಿ ಬೇರೆ, ಕಟ್ಟಿದ ವೇದಿ ಬೇರೆ ಇರಬಹುದು ಎಂಬುದು ಕಣ್ಣಿಗೇ ಕಾಣುತ್ತದೆ.

ಮೊಳಕೋಲು:

ಹಿಟ್ಟಿನ ಸಾಲಿಗೆ. ಕುರಿ ತರಲಾಗದವನು ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ತರಬಹುದು. ಒಂದು ದೋಷಪರಿಹಾರಕ್ಕೆ, ಒಂದು ಸರ್ವಾಂಗಹೋಮಕ್ಕೆ, ದೋಷಪರಿಹಾರದ್ದೇ ಮೊದಲು. ಅದರ ಕುತ್ತಿಗೆ ಮುರಿಯಬೇಕು, ತಲೆ ಬೇರ್ಪಡಿಸಬಾರದು. ಅದೂ ಆಗದವನಿಗೆ ಎಫಾದ ಹತ್ತನೇ ಒಂದು ಪಾಲು ನಯವಾದ ಹಿಟ್ಟು. ಎಫಾ ಸುಮಾರು 22 ಲೀಟರ್ ಎಂದು ಹಿಡಿದರೆ, ಎರಡು ಲೀಟರಿನ ಅಳತೆಗೆ ಒಂದಿಷ್ಟು ಮೇಲೆ. ಯಾಜಕ ಒಂದು ಹಿಡಿ ತೆಗೆದು, ಬೇರೆ ಹೋಮದ್ರವ್ಯಗಳ ಮೇಲಿಟ್ಟು ಸುಡುತ್ತಾನೆ. ಉಳಿದದ್ದು ಅವನದ್ದು.

ಮಾಮೂಲಿ ಧಾನ್ಯನೈವೇದ್ಯದ ಸಾಲನ್ನು ಇಲ್ಲಿಗೆ ನಕಲು ಮಾಡಬೇಡಿ. ಇದಕ್ಕೆ ಎಣ್ಣೆಯೂ ಇಲ್ಲ, ಧೂಪವೂ ಇಲ್ಲ. 5:11 ಕೊಡುವ ಕಾರಣ: ‘ಇದು ದೋಷಪರಿಹಾರಕ ಯಜ್ಞ’. ಎಣ್ಣೆ, ಧೂಪ ಸಂತೋಷದ ಗುರುತು. ಹೆಂಡತಿಯ ಮೇಲೆ ಸಂಶಯಪಟ್ಟ ಗಂಡ ತರುವ ಜವೆಗೋದಿ ಹಿಟ್ಟಿನಲ್ಲೂ (ಅರಣ್ಯಕಾಂಡ 5:15) ಇವೆರಡೂ ಇಲ್ಲ. ಉಪ್ಪು ಮಾತ್ರ ಬಿಡುವಂತಿಲ್ಲ. 2:13 ಎಲ್ಲ ಕಾಣಿಕೆಗಳಿಗೂ ಉಪ್ಪು ಹಾಕಬೇಕೆಂದು ಹೇಳಿ, ಅದನ್ನು ‘ದೇವರ ಒಡಂಬಡಿಕೆಯ ಉಪ್ಪು’ ಎಂದು ಕರೆಯುತ್ತದೆ.

‘ರಕ್ತ ಎಲ್ಲಿಗೆ’ ಕಾಲಮಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ‘ಫಲ’ ಕಾಲಮಿನಲ್ಲಿ ಮಿಕ್ಕವರಿಗೆ ಬರೆದದ್ದನ್ನೇ ಬರೆಯಿರಿ. 5:13ರಲ್ಲಿ ಇವನಿಗೂ ಕ್ಷಮಾಪಣೆಯ ಮಾತು ಅದೇ.